ಕಣ್ಣಿನ ಚಲನೆಯ ಅಳತೆ: ಪ್ಲಾಸ್ಟರ್ ಬಟ್ಟಲಿನಿಂದ ಕನ್ನಡಕದವರೆಗೆ

ಓದುವ ಕಣ್ಣು ಸಾಲಿನುದ್ದಕ್ಕೂ ಒಂದೇ ಸಮನೆ ಸರಿಯುವುದಿಲ್ಲ; ಅದು ಕ್ಷಣಕಾಲ ನಿಂತು, ಮುಂದಕ್ಕೆ ಜಿಗಿದು, ಮತ್ತೆ ನಿಲ್ಲುತ್ತದೆ. ಸಕಾಡ್ ಎಂದು ಕರೆಯಲಾಗುವ ಈ ಜಿಗಿತಗಳ ಅಧ್ಯಯನವು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪ್ಯಾರಿಸ್‌ನ ನೇತ್ರವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯದಲ್ಲಿ ರೂಪುಗೊಳ್ಳತೊಡಗಿತು. ಅಲ್ಲಿ ಲಾಮಾರ್ ಎಂಬ ಸಂಶೋಧಕರು ರೆಪ್ಪೆಗೆ ಮೊಂಡು ಮೊನೆಯ ಸಾಧನವನ್ನು ತಾಗಿಸಿ, ರಬ್ಬರ್ ಕೊಳವೆಯಲ್ಲಿ ಕೇಳಿಬರುವ ಸದ್ದುಗಳನ್ನು ಎಣಿಸಿ ಜಿಗಿತಗಳ ಲೆಕ್ಕವಿಟ್ಟರು. ಅಮೆರಿಕದ ಎಡ್ಮಂಡ್ ಹ್ಯೂಯಿ 1898ರ ಸುಮಾರಿಗೆ ಇನ್ನೂ ಮುಂದೆ ಹೋಗಿ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಕೊಕೇನ್‌ನಿಂದ ಮರಗಟ್ಟಿಸಿ, ಅದರ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲನ್ನು ಕೂರಿಸಿ, ಅದಕ್ಕೆ ಜೋಡಿಸಿದ ಅಲ್ಯೂಮಿನಿಯಂ ಕಡ್ಡಿಯಿಂದ ಮಸಿ ಹಿಡಿಸಿದ ಉರುಳೆಯ ಮೇಲೆ ಗೆರೆ ಬರೆಸಿದರು. ಅಳತೆಯ ಭಾರವೆಲ್ಲ ಅಂದು ಕಣ್ಣಿನ ಮೇಲೆಯೇ ಇತ್ತು.

ಆ ಭಾರವನ್ನು ಇಳಿಸಿದ್ದು ಬೆಳಕು. 1901ರಲ್ಲಿ ರೇಮಂಡ್ ಡಾಡ್ಜ್ ಮತ್ತು ಥಾಮಸ್ ಕ್ಲೈನ್ ಅವರು ಕಾರ್ನಿಯಾದಿಂದ ಪ್ರತಿಫಲಿಸಿದ ಬೆಳಕಿನ ಗೆರೆಯನ್ನು, ಕೆಳಗೆ ಜಾರುತ್ತಿದ್ದ ಫೋಟೋ ಫಲಕದ ಮೇಲೆ ಸೆರೆಹಿಡಿದು, ಕಣ್ಣನ್ನು ಮುಟ್ಟದೆಯೇ ಅದರ ಚಲನೆಯನ್ನು ದಾಖಲಿಸಿದರು. ಆದರೆ ಇಂತಹ ವಿಧಾನಗಳಲ್ಲಿ ತಲೆ ಅಲುಗುವಂತಿರಲಿಲ್ಲ. 1962ರಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಮತ್ತು ಎಡ್ವರ್ಡ್ ಥಾಮಸ್ ತಲೆಯ ಮೇಲೆ ಧರಿಸುವ ಕ್ಯಾಮೆರಾವನ್ನು ವಿವರಿಸಿದಾಗ, ನೋಡುವವನಿಗೆ ತಲೆ ತಿರುಗಿಸುವ ಸ್ವಾತಂತ್ರ್ಯ ಸಿಕ್ಕಿತಾದರೂ ಉಪಕರಣದ ತೂಕ ಆತನ ತಲೆಗೇ ಬಂತು.

ಮುಂದೆ ಅವಕೆಂಪು ಬೆಳಕನ್ನು, ಅಂದರೆ ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಕಾಣುವ ಬೆಳಕನ್ನು, ಕಣ್ಣಿನ ಮೇಲೆ ಚೆಲ್ಲಿ ಪಾಪೆಯ ನಡುಬಿಂದುವನ್ನೂ ಕಾರ್ನಿಯಾದ ಹೊಳಪನ್ನೂ ಗುರುತಿಸುವ ಪದ್ಧತಿ ನೆಲೆಯೂರಿತು. ಉಪಕರಣ ಕನ್ನಡಕದ ಚೌಕಟ್ಟಿನೊಳಗೆ ಅಡಗುವಷ್ಟು ಕಿರಿದಾದಾಗ, ಹಿಂದೆ ಕಣ್ಣೂ ತಲೆಯೂ ಹೊತ್ತ ಭಾರ ಬ್ಯಾಟರಿಗೆ ವರ್ಗಾವಣೆಯಾಯಿತು. ಏಕೆಂದರೆ ದೀಪ ಉರಿಯುತ್ತಲೇ ಇರಬೇಕು, ಕ್ಯಾಮೆರಾ ಸೆಕೆಂಡಿಗೆ ಹತ್ತಾರು ಚಿತ್ರ ತೆಗೆಯಬೇಕು, ಸಂಸ್ಕಾರಕವು ಪ್ರತಿ ಚಿತ್ರವನ್ನೂ ಪರಿಶೀಲಿಸಬೇಕು.

ಈ ವಿದ್ಯುತ್ ವೆಚ್ಚವನ್ನು ತಗ್ಗಿಸುವ ಹಾದಿಗಳು ಮೂರು ದಿಕ್ಕಿನಿಂದ ಬಂದವು. ಮೊದಲನೆಯದು, ಚಿತ್ರದ ಎಲ್ಲ ಬಿಂದುಗಳನ್ನೂ ಓದದಿರುವುದು: ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಐಶ್ಯಾಡೋ ಎಂಬ ಕನ್ನಡಕವು ಆಯ್ದ ಕೆಲವೇ ಬಿಂದುಗಳಿಂದ ನೋಟದ ದಿಕ್ಕನ್ನು ಸೆಕೆಂಡಿಗೆ 30 ಬಾರಿ, ಸುಮಾರು 3 ಡಿಗ್ರಿ ತಪ್ಪಿನೊಳಗೆ ಅಂದಾಜಿಸಿ, ಅದಕ್ಕೆ ಸುಮಾರು 70 ಮಿಲಿವ್ಯಾಟ್ ಮಾತ್ರ ಬಳಸಿತು, ಈ ಲೆಕ್ಕದಲ್ಲಿ 1 ವ್ಯಾಟ್-ಗಂಟೆಯ ಬ್ಯಾಟರಿ 14 ಗಂಟೆ ಬಾಳುತ್ತದೆ. ಎರಡನೆಯದು, ಬದಲಾದುದನ್ನು ಮಾತ್ರ ತಿಳಿಸುವ ಸಂವೇದಕ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಮಿಶಾ ಮಹೋವಾಲ್ಡ್ ಮತ್ತು ಕಾರ್ವರ್ ಮೀಡ್ ಅವರು ಅಕ್ಷಿಪಟಲವನ್ನು ಸಿಲಿಕಾನಿನಲ್ಲಿ ಅನುಕರಿಸಿದ್ದು ಇದರ ಮೂಲವಾಗಿದ್ದು, ಬೆಳಕು ಬದಲಾಗದ ಬಿಂದುಗಳು ಇದರಲ್ಲಿ ಸುಮ್ಮನಿರುತ್ತವೆ. ಮೂರನೆಯದು ಕ್ಯಾಮೆರಾವನ್ನೇ ಬಿಡುವುದು: ಕಣ್ಣಿನ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ವಿದ್ಯುತ್ ವಿಭವದ ವ್ಯತ್ಯಾಸವಿದೆಯೆಂದು ಎಮಿಲ್ ದು ಬ್ವಾ-ರೇಮೊಂ 1849ರಲ್ಲೇ ಕಂಡಿದ್ದರು, ಜಪಾನಿನ ಜಿನ್ಸ್ ಮೀಮ್ ಕನ್ನಡಕವು ಮೂಗಿನ ಬಳಿಯ ವಿದ್ಯುದಗ್ರಗಳಿಂದ ಅದನ್ನೇ ಅಳೆಯುತ್ತದೆ. ಇದರಿಂದ ನೋಟದ ನಿಖರ ಬಿಂದು ಸಿಗುವುದು ಕಷ್ಟವಾದರೂ, ರೆಪ್ಪೆ ಬಡಿತ ಮತ್ತು ಕಣ್ಣಿನ ದೊಡ್ಡ ಚಲನೆಗಳು ತಿಳಿಯುತ್ತವೆ.

ನಿಖರತೆಯನ್ನೇ ಮುಖ್ಯವಾಗಿಸಿಕೊಂಡ ಸಾಧನಗಳ ಸ್ಥಿತಿ ಬೇರೆ. 2024ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ ವಿಷನ್ ಪ್ರೊ ಹೆಡ್‌ಸೆಟ್ ನೋಟದಿಂದಲೇ ಆಯ್ಕೆ ಮಾಡುವ ಸೌಲಭ್ಯವನ್ನು ಕೊಟ್ಟಿತು. ಆದರೆ ನೋಟದ ಪತ್ತೆಯ ಜೊತೆಗೆ ಪರದೆ, ಸಂಸ್ಕಾರಕಗಳ ಬೇಡಿಕೆಯನ್ನೂ ಪೂರೈಸಬೇಕಾದ ಅದರ ಬ್ಯಾಟರಿ ತಂತಿಯ ತುದಿಯಲ್ಲಿ ಹೊರಗೇ ಉಳಿದು, ಸಾಮಾನ್ಯ ಬಳಕೆಗೆ ಸುಮಾರು 2 ಗಂಟೆಯಷ್ಟೇ ಸಾಲುತ್ತಿತ್ತು. ದಿನವಿಡೀ ಧರಿಸುವ ಕನ್ನಡಕಕ್ಕೆ ಬೇಕಾದದ್ದು ಹೆಚ್ಚು ನೋಡುವ ಯಂತ್ರವಲ್ಲ, ಯಾವುದನ್ನು ನೋಡದೆ ಬಿಡಬಹುದೆಂದು ಬಲ್ಲ ಯಂತ್ರ ಎಂಬುದೇ ಈ ಇತಿಹಾಸದಿಂದ ಹೊರಡುವ ತೀರ್ಮಾನ.