ಕ್ರಿಮಿನಲ್ ತೀರ್ಪಿನ ಸಿಂಧುತ್ವ

ವಿಚಾರಣೆ ಮುಗಿದ ಮೇಲೆ ಆರೋಪಿ ತಪ್ಪಿತಸ್ಥನೋ ನಿರ್ದೋಷಿಯೋ ಎಂಬುದನ್ನು ಕಾರಣಸಹಿತ ನಿರ್ಣಯಿಸಿ ನ್ಯಾಯಾಧೀಶರು ತೆರೆದ ನ್ಯಾಯಾಲಯದಲ್ಲಿ, ಅಂದರೆ ಸಾರ್ವಜನಿಕರಿಗೆ ಪ್ರವೇಶವಿರುವ ಕಲಾಪದಲ್ಲಿ, ಪ್ರಕಟಿಸುವ ಲಿಖಿತ ತೀರ್ಮಾನವೇ ಕ್ರಿಮಿನಲ್ ತೀರ್ಪು. ಅದರ ನಿಯಮಗಳು 1973ರ ದಂಡ ಪ್ರಕ್ರಿಯಾ ಸಂಹಿತೆಯ 353 ಮತ್ತು 354ನೇ ಕಲಮುಗಳಲ್ಲಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವು 392 ಮತ್ತು 393ನೇ ಕಲಮುಗಳಾಗಿವೆ.

ತೀರ್ಪಿನಲ್ಲಿ ನಿರ್ಣಯಿಸಬೇಕಾದ ಅಂಶಗಳು, ಅವುಗಳಿಗೆ ಉತ್ತರ, ಉತ್ತರಕ್ಕೆ ಕಾರಣ, ಅಪರಾಧದ ಕಲಮು ಮತ್ತು, ಆರೋಪಿ ತಪ್ಪಿತಸ್ಥನಾದರೆ, ಶಿಕ್ಷೆ ಇರಲೇಬೇಕು. ಮರಣದಂಡನೆಗೆ ವಿಶೇಷ ಕಾರಣ ಬೇಕು. ಕರ್ನಾಟಕದ ಕೆಳ ನ್ಯಾಯಾಲಯಗಳ ತೀರ್ಪುಗಳಲ್ಲಿ ‘ಅಂಶ 1: ನಕಾರಾತ್ಮಕ, ಅಂಶ 2: ಅಂತಿಮ ಆದೇಶದಂತೆ’ ಎಂಬ ಸಾಲುಗಳೂ, ಶೀಘ್ರಲಿಪಿಗಾರರಿಗೆ ಉಕ್ತಲೇಖನ ನೀಡಿ, ತಿದ್ದಿ, ತೆರೆದ ನ್ಯಾಯಾಲಯದಲ್ಲಿ ಘೋಷಿಸಲಾಯಿತು ಎಂಬ ಒಕ್ಕಣೆಯೂ ಕಾಣುವುದು ಈ ನಿಯಮಗಳಿಗಾಗಿಯೇ.

ಬರೆದು ಸಹಿ ಮಾಡಿದ ಮಾತ್ರಕ್ಕೆ ಕರಡು ತೀರ್ಪಾಗುವುದಿಲ್ಲ. ಇಬ್ಬರು ನ್ಯಾಯಮೂರ್ತಿಗಳ ಪೀಠದಲ್ಲಿ ಒಬ್ಬರು ಸಹಿ ಹಾಕಿ, ಘೋಷಣೆಗೆ ಮುನ್ನವೇ ತೀರಿಕೊಂಡಿದ್ದ ಸುರೇಂದ್ರ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1953ರಲ್ಲಿ ಆ ತೀರ್ಪನ್ನು ಅಸಿಂಧುವೆಂದಿತು. ಘೋಷಣೆಯ ಕ್ಷಣದವರೆಗೂ ನ್ಯಾಯಾಧೀಶರು ಮನಸ್ಸು ಬದಲಿಸಬಹುದು ಎಂಬುದೇ ಅದರ ತರ್ಕ. ಪೂರ್ಣ ಪಠ್ಯ ಸಿದ್ಧವಾಗದೆ ಅಂತಿಮ ಭಾಗವನ್ನಷ್ಟೇ ಓದುವುದೂ ಸಲ್ಲದೆಂದು, ಕರ್ನಾಟಕದ ನ್ಯಾಯಾಂಗ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ 2023ರಲ್ಲಿ ಹೇಳಿತು. ಘೋಷಿಸಿ ಸಹಿ ಮಾಡಿದ ಮೇಲೆ ಬರವಣಿಗೆಯ ಅಥವಾ ಲೆಕ್ಕದ ತಪ್ಪನ್ನು ಬಿಟ್ಟು ಬೇರೇನನ್ನೂ ತಿದ್ದುವಂತಿಲ್ಲ. ಆದರೆ ಸಣ್ಣಪುಟ್ಟ ಕ್ರಮದೋಷದಿಂದ ನ್ಯಾಯಕ್ಕೆ ಧಕ್ಕೆಯಾಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 511ನೇ ಕಲಮು ತೀರ್ಪನ್ನು ಕಾಯುತ್ತದೆ.

1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, ಕನ್ನಡವೂ ಮರಾಠಿಯೂ ಮನೆಮಾತಾಗಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಭಾಷೆಯ ನಿಯಮಕ್ಕೆ ಹೆಚ್ಚಿನ ತೂಕವಿದೆ. ತೀರ್ಪು ನ್ಯಾಯಾಲಯದ ಭಾಷೆಯಲ್ಲಿರಬೇಕು. ಅಂತಿಮ ಭಾಗವನ್ನು ಮಾತ್ರ ಓದಿದಾಗ ತೀರ್ಪಿನ ಸಾರವನ್ನು ಆರೋಪಿಗೋ ಅವನ ವಕೀಲರಿಗೋ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಸೆರೆವಾಸ ವಿಧಿಸಿದರೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕು. ಕೋರಿದರೆ, ಸಾಧ್ಯವಿದ್ದಲ್ಲಿ, ಆರೋಪಿಯ ಭಾಷೆಗೆ ಅನುವಾದಿಸಿಯೂ ಕೊಡಬೇಕು. ಇದು ಬರಿಯ ಸೌಜನ್ಯವಲ್ಲ: ಮ್ಯಾಜಿಸ್ಟ್ರೇಟರ ಶಿಕ್ಷೆಯ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೂ, ಸೆಷನ್ಸ್ ಶಿಕ್ಷೆಯ ವಿರುದ್ಧ ಹೈಕೋರ್ಟಿನ ಧಾರವಾಡ ಪೀಠಕ್ಕೂ ಹೋಗುವ ಮೇಲ್ಮನವಿ ಆ ಪ್ರತಿಯಲ್ಲಿರುವ ಕಾರಣಗಳನ್ನೇ ಪ್ರಶ್ನಿಸಬೇಕಾಗುತ್ತದೆ.