ಹೊಟ್ಟೆ ಕಟ್ಟಿದ ಕಥೆ: ಒಂದು ಮುಜುಗರದ ಇತಿಹಾಸ

ಊಟ ಮಾಡುತ್ತಾ ಓದುವ ಅಭ್ಯಾಸ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಊಟ ಮುಗಿಸಿ, ಕೈ ತೊಳೆದುಕೊಂಡು ಬನ್ನಿ. ವಿಷಯ ಅಂಥದ್ದು.

ಕೆಲವು ತಿಂಗಳ ಹಿಂದೆ ನನ್ನ ಬೆನ್ನು ಹಿಡಿದುಕೊಂಡಿತ್ತು. ಡಾಕ್ಟರು ಬರೆದುಕೊಟ್ಟ ಮಾತ್ರೆಯಿಂದ ನೋವು ಇಳಿಯಿತು, ಆದರೆ ಹೊಟ್ಟೆ ಕಟ್ಟಿಕೊಂಡಿತು. ಒಂದು ದಿನ, ಎರಡು ದಿನ... ನಾಲ್ಕನೆಯ ದಿನ ಕೂತರೆ ಸಂಕಟ, ನಿಂತರೆ ಸಂಕಟ. ಸಂಜೆ ಧೈರ್ಯ ಮಾಡಿ ಸ್ಟೇಷನ್ ಹತ್ತಿರದ ಮೆಡಿಕಲ್ ಶಾಪಿಗೆ ಹೋದೆ. "ಕಾಯ್ ಪಾಹಿಜೆ, ಕಾಕಾ?" ಅಂದ ಹುಡುಗ. ಹಿಂದೆ ನೋಡಿದರೆ ನಮ್ಮ ಸೊಸೈಟಿಯ ಇಬ್ಬರು ನಿಂತಿದ್ದಾರೆ! ಒಂದು ಟೂತ್‌ಪೇಸ್ಟ್ ತಗೊಂಡು ವಾಪಸು ಬಂದೆ. ನಲವತ್ತು ವರ್ಷ ಮುಂಬಯಿಯಲ್ಲಿ ಕಳೆದ ಮನುಷ್ಯನಿಗೆ ಮರಾಠಿಯಲ್ಲಿ ಆ ಒಂದು ವಾಕ್ಯ ಹೇಳಲು ಬಾಯಿ ಬರಲಿಲ್ಲ. ಕನ್ನಡದಲ್ಲೂ ಬರುತ್ತಿರಲಿಲ್ಲ, ಬಿಡಿ.

ರಾತ್ರಿ ಊರಿನಿಂದ ಅಕ್ಕನ ಫೋನು. ಹೇಗೋ ಬಾಯಿಬಿಟ್ಟೆ.

"ಎಷ್ಟು ದಿನ ಆಯ್ತು?"

"ನಾಲ್ಕು."

"ಅದನ್ನ ಈಗ ಹೇಳ್ತೀಯಲ್ಲ ಮಾರಾಯ! ಎರಡು ಚಮಚ ಹರಳೆಣ್ಣೆ ಕುಡಿ."

ನಿದ್ದೆ ಬಾರದ ಆ ರಾತ್ರಿ ನನಗೆ ನೆನಪಾದದ್ದು ಗಾಂಧೀಜಿ. ನಗಬೇಡಿ. ಈ ದೇಶದಲ್ಲಿ ತನ್ನ ಹೊಟ್ಟೆಯ ವಿಷಯವನ್ನು ಸಂಕೋಚವಿಲ್ಲದೆ ಬರೆದಿಟ್ಟ ದೊಡ್ಡ ಮನುಷ್ಯ ಅವರೊಬ್ಬರೇ ಇರಬೇಕು. ಆತ್ಮಕಥೆಯಲ್ಲಿ ಸತ್ಯಾಗ್ರಹಕ್ಕೆ ಎಷ್ಟು ಜಾಗವೋ, ಮಲಬದ್ಧತೆಗೂ ಅಷ್ಟೇ ಮರ್ಯಾದೆಯ ಜಾಗ ಇದೆ.

ಜೊಹಾನ್ಸ್‌ಬರ್ಗಿನಲ್ಲಿ ವಕೀಲಿ ಮಾಡುತ್ತಿದ್ದಾಗ ಗಾಂಧಿಗೆ ಮಲಬದ್ಧತೆ ಮತ್ತು ಆಗಾಗ ತಲೆನೋವು. ಭೇದಿ ಔಷಧಿ ತಗೊಂಡು ಹೇಗೋ ದಿನ ತಳ್ಳುತ್ತಿದ್ದರು. ಮ್ಯಾಂಚೆಸ್ಟರಿನಲ್ಲಿ ಬೆಳಗಿನ ಉಪಾಹಾರ ಬಿಟ್ಟವರ ಸಂಘವೊಂದು ಇದೆ ಎಂದು ಓದಿ ತಾವೂ ಉಪಾಹಾರ ಬಿಟ್ಟರು. ತಲೆನೋವು ಹೋಯಿತು, ಮಲಬದ್ಧತೆ ಹೋಗಲಿಲ್ಲ. ಜರ್ಮನಿಯ ಲೂಯಿ ಕೂನೆ ಹೇಳಿದಂತೆ ತೊಟ್ಟಿಯಲ್ಲಿ ಸೊಂಟ ಮುಳುಗಿಸಿ ಕೂರುವ ಸ್ನಾನ ಮಾಡಿದರು. ಸ್ವಲ್ಪ ಗುಣ ಕಂಡಿತು. ಕೊನೆಗೆ ಅಡಾಲ್ಫ್ ಜಸ್ಟ್ ಎಂಬ ಇನ್ನೊಬ್ಬ ಜರ್ಮನ್ನನ ಪುಸ್ತಕ ಓದಿ, ತಣ್ಣೀರಿನಲ್ಲಿ ಕಲಸಿದ ಮಣ್ಣನ್ನು ಬಟ್ಟೆಗೆ ಬಳಿದು ರಾತ್ರಿ ಹೊಟ್ಟೆಯ ಮೇಲೆ ಕಟ್ಟಿಕೊಂಡು ಮಲಗಿದರು. ಅದರಿಂದ ಪೂರ್ತಿ ವಾಸಿಯಾಯಿತು ಎಂದು ಅವರ ನಂಬಿಕೆ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಆರೋಗ್ಯದ ಬಗ್ಗೆ ಬರೆದ ಚಿಕ್ಕ ಪುಸ್ತಕದಲ್ಲೂ ಮಣ್ಣಿನ ಪಟ್ಟಿಯ ವಿಚಾರ ಬಿಟ್ಟಿಲ್ಲ. ಮಣ್ಣಿನಿಂದಲೇ ಗುಣವಾಯಿತೋ, ಬದಲಾದ ಊಟದಿಂದಲೋ, ಅದು ಬೇರೆ ಮಾತು.

ಆದರೆ ಆ ರಾತ್ರಿ ನನ್ನನ್ನು ಕಾಡಿದ್ದು ಜೊಹಾನ್ಸ್‌ಬರ್ಗಲ್ಲ, ನಮ್ಮ ಪಕ್ಕದ ಮಾಥೇರಾನ್. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಓಡಾಡುತ್ತಿದ್ದಾಗ ಗಾಂಧಿಗೆ ಭಾರೀ ಆಮಶಂಕೆ ಆಯಿತು, ಸಾಯುವ ಸ್ಥಿತಿಗೆ ಹೋಗಿದ್ದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಹವಾ ಬದಲಾಗಲಿ ಎಂದು ಸ್ನೇಹಿತರು ಮಾಥೇರಾನಿಗೆ ಕಳಿಸಿದರು. ಅಲ್ಲಿನ ಗಡಸು ನೀರು ಒಗ್ಗಲಿಲ್ಲ. ಆಮಶಂಕೆಯಿಂದ ಆ ಜಾಗ ಮೊದಲೇ ಸೂಕ್ಷ್ಮವಾಗಿ ಬಿರುಕು ಬಿಟ್ಟಿತ್ತು. ಮಲವಿಸರ್ಜನೆ ಹೊತ್ತಿಗೆ ಪ್ರಾಣ ಹೋಗುವ ನೋವು. ಊಟ ಅಂದರೇ ಹೆದರಿಕೆ ಹುಟ್ಟಿತ್ತು ಎಂದು ಅವರೇ ಬರೆದಿದ್ದಾರೆ. ಒಂದು ವಾರ ತುಂಬುವ ಮೊದಲೇ ಬೆಟ್ಟ ಇಳಿದು ಓಡಿ ಬಂದರು.

ಈ ನೋವು ಅನುಭವಿಸಿದವರಿಗೆ ಆ ಹೆದರಿಕೆ ಏನು ಅಂತ ಗೊತ್ತು. ನೋವಾಗುತ್ತದೆ ಎಂದು ತಡೆಯುತ್ತೇವೆ, ತಡೆದಷ್ಟೂ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ನೋವು. ಆಮೇಲೆ ಊಟವೇ ಬಿಡುತ್ತೇವೆ. ಬ್ರಿಟಿಷ್ ಸಾಮ್ರಾಜ್ಯಕ್ಕೆ ಹೆದರದ ಮನುಷ್ಯ ಹೆದರಿದ್ದು ಇದಕ್ಕೆ!

ಮುಂಬಯಿಗೆ ಬಂದಾಗ ಶಂಕರಲಾಲ್ ಬ್ಯಾಂಕರ್ ಅವರನ್ನು ಡಾಕ್ಟರ್ ದಲಾಲ್ ಅವರಿಗೆ ತೋರಿಸಲು ಹಠ ಹಿಡಿದರು. ಹಾಲು ಕುಡಿಯದೆ ಶರೀರ ಕಟ್ಟಲು ಆಗುವುದಿಲ್ಲ ಎಂದು ಡಾಕ್ಟರು, ಹಾಲು ಬಿಟ್ಟ ವ್ರತ ಮುರಿಯಲಾರೆ ಎಂದು ಗಾಂಧಿ. ವ್ರತ ಮಾಡಿದಾಗ ಮನಸ್ಸಿನಲ್ಲಿ ಇದ್ದದ್ದು ಹಸು, ಎಮ್ಮೆ ತಾನೆ, ಆಡಿನ ಹಾಲು ಆಗಬಹುದಲ್ಲ ಎಂದು ದಾರಿ ತೋರಿಸಿದವರು ಕಸ್ತೂರಬಾ. 1919ರ ಜನವರಿಯಲ್ಲಿ ದಲಾಲ್ ಆ ಬಿರುಕಿಗೆ ಆಪರೇಷನ್ ಮಾಡಿದರು. ಚೇತರಿಸಿಕೊಳ್ಳುವ ದಿನಗಳಲ್ಲೇ ಪತ್ರಿಕೆಯಲ್ಲಿ ರೌಲತ್ ಸಮಿತಿಯ ವರದಿ ಕಣ್ಣಿಗೆ ಬಿತ್ತು. ಮುಂದಿನದು ಶಾಲೆಯ ಪಾಠದಲ್ಲಿ ಓದಿದ್ದೇವೆ. ಆಡಿನ ಹಾಲಿನ ಹಿಂದಿನ ಈ ನೋವಿನ ಕಥೆ ಮಾತ್ರ ಪಾಠದಲ್ಲಿ ಇರಲಿಲ್ಲ.

ಈ ತಡೆದುಕೊಳ್ಳುವ ವಿಷಯವನ್ನು ನಮ್ಮ ಚರಕ ಸಂಹಿತೆ ಬಹಳ ಹಿಂದೆಯೇ ಗಂಭೀರವಾಗಿ ತಗೊಂಡಿದೆ. ಸೂತ್ರಸ್ಥಾನದ ಏಳನೆಯ ಅಧ್ಯಾಯದ ಹೆಸರೇ ವೇಗಗಳನ್ನು ತಡೆಯಬಾರದು ಎಂಬ ಅರ್ಥದ್ದು. ಹಸಿವು, ನಿದ್ದೆ, ಸೀನು, ಕಣ್ಣೀರು ಸೇರಿ ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಮಲದ ವೇಗ ತಡೆದರೆ ಹೊಟ್ಟೆನೋವು, ತಲೆನೋವು, ಮೀನಖಂಡದಲ್ಲಿ ಸೆಳೆತ, ಹೊಟ್ಟೆಯುಬ್ಬರ. ಅದಕ್ಕೆ ಹೇಳುವ ಚಿಕಿತ್ಸೆ ನೋಡಿ: ಶಾಖ ಕೊಡುವುದು, ಎಣ್ಣೆ ತಿಕ್ಕುವುದು, ಬಿಸಿನೀರಿನಲ್ಲಿ ಕೂರಿಸುವುದು, ಗುದದಲ್ಲಿ ಇಡುವ ಬತ್ತಿ, ಬಸ್ತಿ. ಅಂದರೆ ಮೇಲಿಂದ ನೂಕುವ ಮೊದಲು ಕೆಳಗೆ ದಾರಿ ಸಡಿಲಿಸಬೇಕು. ಅದೇ ಅಧ್ಯಾಯ ಮುಂದೆ ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ. ಲೋಭ, ಕೋಪ, ಹೊಟ್ಟೆಕಿಚ್ಚು... ನಾವು ಮಾಡುವುದು ಸರಿಯಾಗಿ ಉಲ್ಟಾ.

ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಚರಕನ ಮಾತು ಪಾಲಿಸುವ ಅನುಕೂಲ ಎಲ್ಲಿತ್ತು? 1920ರ ದಶಕದಲ್ಲಿ ವರ್ಲಿ, ನಾಯಗಾಂವ್ ಕಡೆ ಕಟ್ಟಿದ ಬಿಡಿಡಿ ಚಾಳುಗಳಲ್ಲಿ ಒಂದು ಖೋಲಿ ಅಂದರೆ 160 ಚದರಡಿ. ಸಂಡಾಸು ಮಹಡಿಗೆಲ್ಲ ಸೇರಿ ಒಂದು ಕಡೆ. ಬೆಳಗ್ಗೆ ಡಬ್ಬ ಹಿಡಿದು ಸಾಲು. ಹಿಂದಿನವನು ಬಾಗಿಲು ಬಡಿಯುತ್ತಾನೆ, ಡ್ಯೂಟಿಗೆ ಹೊತ್ತಾಗುತ್ತದೆ. ಹಾಗಾಗಿ "ಆಮೇಲೆ ನೋಡೋಣ" ಅನ್ನುವುದು ಅಭ್ಯಾಸವಾಗಿಬಿಡುತ್ತಿತ್ತು. ಹೆಂಗಸರ ಪಾಡು ಹೇಳುವುದೇ ಬೇಡ. ನಾನೂ ಚಾಳಿನಲ್ಲಿ ಎಂಟು ವರ್ಷ ಇದ್ದವನು, ಆ ಅವಸರ ಇನ್ನೂ ಮೈಯಿಂದ ಹೋಗಿಲ್ಲ.

ಇನ್ನು ಅಕ್ಕ ಹೇಳಿದ ಹರಳೆಣ್ಣೆ. ಚಿಕ್ಕವರಿದ್ದಾಗ ಮೂಗು ಹಿಡಿದು ಕುಡಿಸಿದ್ದನ್ನು ಯಾರು ಮರೆಯುತ್ತಾರೆ? ಇದರ ವಯಸ್ಸು ಮಾತ್ರ ಸಾಮಾನ್ಯದ್ದಲ್ಲ. ಕ್ರಿಸ್ತಪೂರ್ವ ಸುಮಾರು 1550ರ ಈಜಿಪ್ಟಿನ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲೇ ಹರಳಿನ ಪ್ರಸ್ತಾಪ ಇದೆ. ಹೊಟ್ಟೆಗೆ ಹೋದ ಮೇಲೆ ಅದರಿಂದ ರಿಸಿನೋಲಿಕ್ ಆಮ್ಲ ಬಿಡುಗಡೆಯಾಗಿ ಕರುಳನ್ನು ಹಿಂಡುತ್ತದೆ. ಕೆಲವೇ ಗಂಟೆಗಳಲ್ಲಿ ಕೆಲಸ. ಆ ಹಿಂಡುವಿಕೆ ಎಷ್ಟು ಜೋರು ಅಂದರೆ 1920ರ ದಶಕದಲ್ಲಿ ಇಟಲಿಯ ಮುಸೊಲಿನಿ ಪಡೆಯವರು ವಿರೋಧಿಗಳನ್ನು ಹಿಡಿದು ಬಲವಂತವಾಗಿ ಹರಳೆಣ್ಣೆ ಕುಡಿಸುತ್ತಿದ್ದರು. ನಮ್ಮ ಅಜ್ಜಿಯ ಮದ್ದು, ಅವರ ಹಿಂಸೆಯ ಸಾಧನ. ವಸ್ತು ಅದೇ!

ಭೇದಿ ಮದ್ದುಗಳಲ್ಲಿ ಮೆದುವು ಯಾವುದು, ಬಿರುಸು ಯಾವುದು ಎಂದು ಚರಕ ಬೇರೆ ಬೇರೆ ಮಾಡಿಟ್ಟಿದ್ದಾನೆ. ಸುಖವಾಗಿ ಭೇದಿ ಮಾಡಿಸಲು ತಿಗಡೆ ಬೇರು, ಮೆದುವಾಗಿ ಆಗಲು ಕಕ್ಕೆ, ತೀಕ್ಷ್ಣವಾಗಿ ಬೇಕಾದರೆ ಕಳ್ಳಿಯ ಹಾಲು. ಎಲ್ಲರಿಗೂ ಒಂದೇ ಮದ್ದು ಅಲ್ಲ ಎನ್ನುವುದೇ ಇಲ್ಲಿನ ಪಾಠ. ಬೇಸಿಗೆಯಲ್ಲಿ ಹಳದಿ ಗೊಂಚಲು ತೂಗುವ ಕಕ್ಕೆ ಮರ ಮುಂಬಯಿ ರಸ್ತೆಗಳಲ್ಲೂ ಇದೆ. ಅದರ ಉದ್ದ ಕಾಯಿಯ ಒಳಗಿನ ಕಪ್ಪು ತಿರುಳೇ ಆ ಮದ್ದು.

ಹೆದರಿಕೆ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂದು ನೋಡಬೇಕಾದರೆ ಲಂಡನ್ನಿಗೆ ಹೋಗಬೇಕು. 20ನೆಯ ಶತಮಾನದ ಶುರುವಿನಲ್ಲಿ ಅಲ್ಲಿನ ಗೈಸ್ ಆಸ್ಪತ್ರೆಯಲ್ಲಿ ಅರ್ಬತ್ನಾಟ್ ಲೇನ್ ಎಂಬ ಹೆಸರಾಂತ ಸರ್ಜನ್ ಇದ್ದ. ಕರುಳಿನಲ್ಲಿ ಮಲ ನಿಂತರೆ ವಿಷ ರಕ್ತಕ್ಕೆ ಸೇರುತ್ತದೆ, ಎಲ್ಲ ರೋಗಕ್ಕೂ ಅದೇ ಮೂಲ ಎಂಬುದು ಆ ಕಾಲದ ನಂಬಿಕೆ. 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್ ಕೂಡ ದೊಡ್ಡ ಕರುಳು ಕೆಲಸಕ್ಕೆ ಬಾರದ್ದು ಎನ್ನುತ್ತಿದ್ದ. ಲೇನ್ ಒಂದು ಹೆಜ್ಜೆ ಮುಂದೆ ಹೋಗಿ, ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದ. ಕೆಲವರು ಆ ಆಪರೇಷನ್ನಿನಿಂದಲೇ ಸತ್ತರು. 1919ರಲ್ಲಿ, ಅಂದರೆ ಮುಂಬಯಿಯಲ್ಲಿ ಗಾಂಧಿಯ ಆಪರೇಷನ್ ಆದ ವರ್ಷವೇ, ಅಮೆರಿಕದ ವಾಲ್ಟರ್ ಆಲ್ವರೆಜ್ ಎಂಬ ವೈದ್ಯ ಈ ನಂಬಿಕೆಯನ್ನು ಪ್ರಶ್ನಿಸಿ ಬರೆದ. ಹೋದ ಕೂಡಲೇ ತಲೆಭಾರ ಇಳಿಯುತ್ತದಲ್ಲ, ವಿಷ ಸೇರಿದ್ದರೆ ಅಷ್ಟು ಬೇಗ ಇಳಿಯಲು ಸಾಧ್ಯವೇ? ಅದು ವಿಷವಲ್ಲ, ತುಂಬಿದ ಕರುಳಿನ ಒತ್ತಡ ಅಷ್ಟೇ ಎಂದ. ಲೇನ್ ಕೂಡ ಮುಂದೆ ಕತ್ತರಿ ಬದಿಗಿಟ್ಟು, 1925ರಲ್ಲಿ ಸಂಘ ಕಟ್ಟಿ ತರಕಾರಿ, ತೌಡು ತಿನ್ನಿ ಎಂದು ಪ್ರಚಾರ ಮಾಡುತ್ತಾ ತಿರುಗಿದ. ಆದರೆ ಆ ವಿಷದ ಭಯ ಹೋಗಿಲ್ಲ. ಇವತ್ತಿಗೂ ಕರುಳು ಶುದ್ಧಿ ಅಂತ ಜಾಹೀರಾತು ಹಾಕಿ ದುಡ್ಡು ಮಾಡುವವರು ಇದ್ದಾರೆ.

ತೌಡಿನ ಮಾತಿಗೆ ಲೆಕ್ಕ ಕೊಟ್ಟವನು ಡೆನಿಸ್ ಬರ್ಕಿಟ್, ಉಗಾಂಡಾದಲ್ಲಿ ಬಹುಕಾಲ ಸರ್ಜನ್ ಆಗಿದ್ದವನು. ತಿಂದದ್ದು ಹೊರಬರಲು ಎಷ್ಟು ಹೊತ್ತು ಬೇಕು ಎಂದು ಅವನೂ ಅವನ ಜೊತೆಗಾರರೂ ಅಳೆದು 1972ರಲ್ಲಿ ಪ್ರಕಟಿಸಿದರು. ಉಗಾಂಡಾದ ಹಳ್ಳಿಯವರಿಗೆ ಸುಮಾರು ಒಂದೂವರೆ ದಿನ, ಬ್ರಿಟಿಷ್ ನೌಕಾಪಡೆಯ ಹುಡುಗರಿಗೆ ಮೂರು ದಿನಕ್ಕೂ ಹೆಚ್ಚು. ವ್ಯತ್ಯಾಸ ಮುಖ್ಯವಾಗಿ ನಾರಿನದ್ದು ಎಂದ. ರಾಗಿಮುದ್ದೆ, ಜೋಳದ ರೊಟ್ಟಿ, ಕುಚ್ಚಲಕ್ಕಿ ಗಂಜಿ ಬಿಟ್ಟು ವಡಾಪಾವ್, ಬ್ರೆಡ್ಡಿಗೆ ಬಿದ್ದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ನೆರೆಯ ಗುಜರಾತಿನಲ್ಲಿ ಸಿದ್ಧಪುರ, ಊಂಝಾ ಕಡೆ ಬೆಳೆದು ಪ್ರಪಂಚಕ್ಕೆಲ್ಲ ಹೋಗುವ ಇಸಬಗೋಲ್ ಮಾಡುವುದೂ ನಾರಿನ ಕೆಲಸವನ್ನೇ. ಹೆಸರು ಪಾರ್ಸಿ ಭಾಷೆಯದು, ಕುದುರೆ ಕಿವಿ ಎಂದರ್ಥ. ಬೀಜದ ಆಕಾರ ನೋಡಿ ಇಟ್ಟದ್ದು. ಆದರೆ ಒಂದು ಎಚ್ಚರಿಕೆ. ಇಸಬಗೋಲ್ ನೀರು ಹೀರಿ ಉಬ್ಬುತ್ತದೆ. ಲೋಟ ತುಂಬ ನೀರು ಕುಡಿಯದೆ ನುಂಗಿದರೆ, ಅಥವಾ ಆಗಲೇ ಕೆಳಗೆ ಗಟ್ಟಿಯಾಗಿ ಕೂತಿದ್ದರೆ, ಟ್ರಾಫಿಕ್ ಜಾಮಿಗೆ ಇನ್ನಷ್ಟು ಲಾರಿ ಬಿಟ್ಟ ಹಾಗೆ. ಅದು ದಿನನಿತ್ಯದ ಅಭ್ಯಾಸಕ್ಕೆ ಸರಿ, ಇದ್ದಕ್ಕಿದ್ದಂತೆ ಕಟ್ಟಿದ ಹೊಟ್ಟೆಗೆ ಅಲ್ಲ.

ನನ್ನ ಕಥೆ ಮುಗಿಸುತ್ತೇನೆ. ಹರಳೆಣ್ಣೆ ಬಾಟಲಿ ಕೈಯಲ್ಲಿ ಹಿಡಿದಿದ್ದೆ. ಮನೆಯವಳು ಕಿತ್ತುಕೊಂಡಳು. "ಹೊಟ್ಟೆ ನೋವೂ ಇದೆ ಅಂತೀರಿ, ಡಾಕ್ಟರನ್ನ ಕೇಳದೆ ಕುಡಿಯೋದು ಬೇಡ" ಅಂದಳು. ಐದನೆಯ ದಿನ ಬೆಳಗ್ಗೆ ಹೋದೆವು. ಡಾಕ್ಟರು ಮೊದಲು ಕೇಳಿದ್ದು, "ಹೊಸ ಮಾತ್ರೆ ಏನಾದರೂ ಶುರು ಮಾಡಿದ್ರಾ?" ಅಲ್ಲೇ ಸಿಕ್ಕಿತು ಕಾರಣ. ಕೆಲವು ಬಿರುಸಾದ ನೋವಿನ ಮಾತ್ರೆಗಳು ಕರುಳನ್ನು ಮಂಕು ಮಾಡುತ್ತವಂತೆ. ಕಬ್ಬಿಣದ ಮಾತ್ರೆ, ಕೆಲವು ಬಿಪಿ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಥೈರಾಯ್ಡ್ ತೊಂದರೆ, ಇವೂ ಕಾರಣ ಆಗಬಹುದು. ಹೊಟ್ಟೆ ಒತ್ತಿ ನೋಡಿ, ಆ ಮಾತ್ರೆ ಬದಲಿಸಿ, ಗ್ಲಿಸರಿನ್ ಬತ್ತಿ ಮತ್ತು ಮಲ ಮೆತ್ತಗೆ ಮಾಡುವ ಸಿರಪ್ ಬರೆದುಕೊಟ್ಟರು. ಚರಕ ಹೇಳಿದ ಅದೇ ಬತ್ತಿ! ಆ ದಿನವೇ ದಾರಿ ಬಿಟ್ಟಿತು. ಆ ನಿರಾಳವನ್ನು ವರ್ಣಿಸಲು ನನಗೆ ಶಕ್ತಿ ಇಲ್ಲ.

ಅವರು ಹೇಳಿದ ಇನ್ನೊಂದು ಮಾತು ಎಲ್ಲರಿಗೂ ಬೇಕಾದದ್ದು. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಮಾಮೂಲೇ. ಒಂದು ದಿನ ತಪ್ಪಿದರೆ ಆಕಾಶ ಬೀಳುವುದಿಲ್ಲ. ಆದರೆ ಹೊಟ್ಟೆ ಉಬ್ಬಿ ಜೋರು ನೋವು, ವಾಂತಿ, ಗಾಳಿ ಕೂಡ ಹೋಗದಿರುವುದು, ರಕ್ತ, ಇವು ಕಂಡರೆ ಯಾವ ಭೇದಿ ಔಷಧಿಯನ್ನೂ ಕುಡಿಯದೆ ನೇರ ಆಸ್ಪತ್ರೆಗೆ ಹೋಗಬೇಕು. ಕರುಳಿನಲ್ಲಿ ಅಡ್ಡ ಬಂದಿದ್ದಾಗ ಮೇಲಿಂದ ನೂಕಿದರೆ ಪ್ರಾಣಕ್ಕೇ ಅಪಾಯ. ವಯಸ್ಸಾದವರಿಗೆ ಕಾರಣವಿಲ್ಲದೆ ಹೊಸದಾಗಿ ಶುರುವಾದರೂ ತೋರಿಸಲೇಬೇಕು.

2015ರಲ್ಲಿ 'ಪೀಕೂ' ಸಿನಿಮಾ ಬಂದಾಗ ಅಮಿತಾಭ್ ಬಚ್ಚನ್ ಎರಡು ಗಂಟೆ ಇದೇ ವಿಷಯ ಮಾತಾಡಿದ್ದನ್ನು ಥಿಯೇಟರಿನಲ್ಲಿ ಕೂತು ನಕ್ಕಿದ್ದೆವು. ನಕ್ಕು ಮನೆಗೆ ಬಂದು ಮತ್ತೆ ಬಾಯಿ ಮುಚ್ಚಿಕೊಂಡೆವು. ಐದು ದಿನ ಕಷ್ಟಪಟ್ಟದ್ದರಲ್ಲಿ ಮೂರು ದಿನದ್ದು ಬರೀ ನನ್ನ ನಾಚಿಕೆಯ ಲೆಕ್ಕ. ನಿಮ್ಮ ಮನೆಯಲ್ಲೂ ಊರಿನಿಂದ ಬಂದ ಅಪ್ಪನೋ ಅಮ್ಮನೋ ಊಟ ಕಡಿಮೆ ಮಾಡಿ ಸುಮ್ಮನೆ ಕೂತಿದ್ದರೆ, ಮೆಲ್ಲಗೆ ಕೇಳಿ ನೋಡಿ. ಅವರಾಗಿ ಹೇಳಲಾರರು.

ಸಿರಪ್ ಮುಗಿದಾಗ ಅದೇ ಮೆಡಿಕಲ್ ಶಾಪಿಗೆ ಹೋದೆ. ಹಿಂದೆ ಯಾರಿದ್ದಾರೆ ಎಂದು ನೋಡಲಿಲ್ಲ. ಗಟ್ಟಿಯಾಗಿಯೇ ಕೇಳಿದೆ. ಹುಡುಗ ಬಾಟಲಿ ತಂದಿಟ್ಟ. ಹಿಂದೆ ನಿಂತಿದ್ದವರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಕಾಕಾ, ಇದು ಒಳ್ಳೇದಾ?"

"ನಿಮಗೆ ಎಷ್ಟು ದಿನ ಆಯ್ತು?" ಅಂದೆ.