ಟವರ್ ಸಿಗದ ಘಾಟಿಯಲ್ಲಿ ರೈಲಿಗೆ ಅಪಾಯ ಹೇಳೋರು ಯಾರು? ವಾಕಿಟಾಕಿಯಿಂದ ‘ಕವಚ್’ವರೆಗೆ ತಿಳಿಯಬೇಕಾದ್ದು

ಶಿರಂಗಾಲ: ಕೊಡಗು ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ. ಹಾಗಂತ ರೈಲು ಹತ್ತುವ ಕೊಡಗಿನವರು ಕಡಿಮೆ ಏನಿಲ್ಲ. ಶಿರಂಗಾಲದ ಕಡೆಯವರು ಕೊಣನೂರು, ಅರಕಲಗೂಡು ದಾರಿಯಲ್ಲಿ ಹಾಸನಕ್ಕೆ ಹೋಗ್ತಾರೆ. ಕುಶಾಲನಗರದವರು ಮೈಸೂರಿಗೆ ಹೋಗ್ತಾರೆ. ಹಾಸನದಲ್ಲಿ ಮಂಗಳೂರು ರೈಲು ಹತ್ತಿದರೆ ಸಕಲೇಶಪುರ ದಾಟಿದ ಮೇಲೆ ಮೊಬೈಲ್‌ಗೆ ಸರಿಯಾಗಿ ಟವರ್ ಸಿಗಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ, ನಡುವೆ ಸುರಂಗ. ಅಲ್ಲಿ ಮುಂದೆ ಎಲ್ಲೋ ಮಣ್ಣು ಕುಸಿದು ಹಳಿ ಮೇಲೆ ಬಿದ್ದಿದ್ದರೆ ರೈಲು ಓಡಿಸುವವರಿಗೆ ಅದನ್ನ ಯಾರು ಹೇಳ್ತಾರೆ? ಹೇಗೆ ಹೇಳ್ತಾರೆ? ಪ್ರಯಾಣ ಮಾಡುವ ಎಲ್ಲರಿಗೂ ಗೊತ್ತಿರಬೇಕಾದ ವಿಷಯ ಇದು.

ವಾಕಿಟಾಕಿ ಯಾರ ಕೈಯಲ್ಲಿರುತ್ತೆ?

ರೈಲಿನ ಮುಂದೆ ಇಂಜಿನ್‌ನಲ್ಲಿ ಲೋಕೊ ಪೈಲಟ್, ಹಿಂದಿನ ಬೋಗಿಯಲ್ಲಿ ಗಾರ್ಡ್ ಇರ್ತಾರೆ. ಗಾರ್ಡ್ ಹುದ್ದೆಗೆ 2022ರಿಂದ ‘ಟ್ರೈನ್ ಮ್ಯಾನೇಜರ್’ ಅಂತ ಹೆಸರು. ಇಬ್ಬರ ನಡುವೆ ಅರ್ಧ ಕಿಲೋಮೀಟರ್ ಅಂತರ ಇರೋದೂ ಉಂಟು. ಮೊದಲೆಲ್ಲ ಹಸಿರು ಬಾವುಟ, ಕೈದೀಪ, ಇಂಜಿನ್ ಸೀಟಿ ಇವುಗಳಲ್ಲೇ ಮಾತುಕತೆ ನಡೀತಿತ್ತು. ಮಂಜು ಮುಸುಕಿದರೆ ಬಾವುಟ ಕಾಣಲ್ಲ, ಮಳೆ ಜೋರಾದರೆ ಸೀಟಿ ಕೇಳಲ್ಲ.

ಈಗ ಇಬ್ಬರ ಕೈಯಲ್ಲೂ ವಿಎಚ್ಎಫ್ ವಾಕಿಟಾಕಿ ಇದೆ. ಇದರ ಶಕ್ತಿ ಸಾಮಾನ್ಯವಾಗಿ 5 ವಾಟ್. ಸ್ಟೇಷನ್ ಮಾಸ್ಟರ್ ಮೇಜಿನ ಮೇಲೆ 25 ವಾಟ್‌ನ ದೊಡ್ಡ ಸೆಟ್, ಕಟ್ಟಡದ ಮೇಲೆ ಅದರ ಆಂಟೆನಾ ಇರುತ್ತೆ. ಬಟನ್ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಒಬ್ಬರು ಮಾತಾಡುವಾಗ ಅದೇ ಚಾನೆಲ್‌ನಲ್ಲಿರುವ ಉಳಿದವರಿಗೆಲ್ಲ ಕೇಳಿಸುತ್ತೆ. ಫೋನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ನಂಬರ್ ಒತ್ತಿ, ರಿಂಗ್ ಆಗಿ, ಅವರು ಎತ್ತಬೇಕು ಅಂತಿಲ್ಲ. ‘ಗಾಡಿ ನಿಲ್ಲಿಸಿ’ ಅಂತ ಒಮ್ಮೆ ಕೂಗಿದರೆ ಆಸುಪಾಸಿನ ರೈಲಿನವರಿಗೂ ಸ್ಟೇಷನ್‌ನವರಿಗೂ ಒಟ್ಟಿಗೇ ಗೊತ್ತಾಗುತ್ತೆ. ಮೊಬೈಲ್ ಕಂಪನಿಯ ಟವರ್ ಕೂಡ ಇದಕ್ಕೆ ಬೇಡ.

ಆದರೆ ವಾಕಿಟಾಕಿಯಲ್ಲಿ ಯಾರೋ ‘ಬನ್ನಿ’ ಅಂದರು ಅಂತ ಸ್ಟೇಷನ್‌ನ ಕೆಂಪು ಸಿಗ್ನಲ್ ದಾಟುವ ಹಾಗಿಲ್ಲ. ಸಿಗ್ನಲ್ ಕೆಟ್ಟಿದ್ದರೆ ನಿಯಮದ ಪ್ರಕಾರ ಅನುಮತಿ ಪಡೆದೇ ಮುಂದೆ ಹೋಗಬೇಕು. ಯಜಮಾನಿಕೆ ಸಿಗ್ನಲ್‌ದೇ. ರೇಡಿಯೊ ಇರೋದು ಎಚ್ಚರಿಸೋದಕ್ಕೆ.

ಘಾಟಿಯಲ್ಲಿ ಕಷ್ಟ ಏನು?

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿ ಮಾರ್ಗ ಸುಮಾರು 55 ಕಿ.ಮೀ. ಅಷ್ಟರೊಳಗೆ 57 ಸುರಂಗಗಳಿವೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಈ ದಾರಿಯ ಸ್ಟೇಷನ್‌ಗಳು. ಇಳಿಜಾರು 50 ಅಡಿಗೆ 1 ಅಡಿ. ರೈಲಿನ ಲೆಕ್ಕದಲ್ಲಿ ಇದು ಬಹಳ ಕಡಿದು.

ವಿಎಚ್ಎಫ್ ತರಂಗ ಹೆಚ್ಚುಕಮ್ಮಿ ನೇರವಾಗಿ ಹೋಗುತ್ತೆ. ಬಯಲಿನಲ್ಲಿ ಕೆಲವು ಕಿಲೋಮೀಟರ್ ಕೇಳಿಸುವ ಸೆಟ್, ಗುಡ್ಡ ಅಡ್ಡ ಬಂದರೆ ಹತ್ತಿರದಲ್ಲೇ ಕಡಿದುಹೋಗಬಹುದು. ಸುರಂಗದೊಳಗಂತೂ ಇನ್ನೂ ಕಷ್ಟ. ಸುರಂಗದ ಉದ್ದಕ್ಕೂ ತರಂಗ ಹೊರಬಿಡುವ ಕೇಬಲ್ ಎಳೆಯೋದು ಅಥವಾ ನಡುವೆ ರಿಪೀಟರ್ ಕೂರಿಸೋದು ಇದಕ್ಕಿರುವ ಪರಿಹಾರ. ಖರ್ಚಿನ ಕೆಲಸ, ಆದರೆ ಘಾಟಿಗೆ ಬೇಕಾದ ಕೆಲಸ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಅದೇ ಮಳೆಯಲ್ಲಿ ಈ ಘಾಟಿಯ ಹಳಿ ಮೇಲೂ ಮಣ್ಣು ಬಿತ್ತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತ ಆಗಿ ದಿನಗಟ್ಟಲೆ ರೈಲು ನಿಂತಿತ್ತು. ಕರೆಂಟ್ ಹೋಗಿ, ಟವರ್ ಸತ್ತು, ಪಕ್ಕದ ಊರಿನ ಸುದ್ದಿಯೇ ತಿಳಿಯದ ಸ್ಥಿತಿ ಏನು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಮಳೆಗಾಲದಲ್ಲಿ ಹಳಿ ಗಸ್ತಿನವರು ಹಗಲೂ ರಾತ್ರಿ ನಡೆದು ನೋಡ್ತಾರೆ. ಬಂಡೆ ಉರುಳಿದ್ದು ಕಂಡರೆ ಸ್ಟೇಷನ್‌ಗೆ ತಿಳಿಸಬೇಕು. ಜೊತೆಗೆ ಹಳಿ ಮೇಲೆ ಡಿಟೊನೇಟರ್ ಇಡಬೇಕು. ಇದು ಚಕ್ರ ಹತ್ತಿದರೆ ಪಟಾಕಿಯಂತೆ ಸಿಡಿದು ಚಾಲಕರನ್ನ ಎಚ್ಚರಿಸುವ ಸಾಧನ. ಬ್ರಾಡ್‌ಗೇಜ್‌ನಲ್ಲಿ ಅಪಾಯದ ಜಾಗದಿಂದ 600 ಮೀಟರ್‌ನಲ್ಲಿ ಒಂದು, 1,200 ಮೀಟರ್‌ನಲ್ಲಿ ಮೂರು ಇಡೋದು ನಿಯಮ. ವೇಗವಾಗಿ ಬರುವ ರೈಲು ನಿಲ್ಲೋಕೆ ಅಷ್ಟು ದೂರ ಬೇಕು. ಕತ್ತಲಲ್ಲಿ, ಮಳೆಯಲ್ಲಿ 1,200 ಮೀಟರ್ ಓಡಿ ಹೋಗೋಕೆ ಎಷ್ಟು ನಿಮಿಷ ಬೇಕು ಯೋಚಿಸಿ. ವಾಕಿಟಾಕಿ ಕೆಲಸ ಮಾಡಿದರೆ ಅದೇ ಸುದ್ದಿ ಒಂದು ಸೆಕೆಂಡಿನಲ್ಲಿ ತಲುಪುತ್ತೆ.

ಕೊಂಕಣ ರೈಲ್ವೆ ಮಾಡಿದ್ದೇನು?

ಕಾರವಾರ, ಕುಮಟಾ, ಭಟ್ಕಳ, ಉಡುಪಿ ಮೂಲಕ ಹೋಗುವ ಕೊಂಕಣ ರೈಲ್ವೆ ಪೂರ್ತಿ ಮಾರ್ಗ ಶುರುವಾಗಿದ್ದು 1998ರಲ್ಲಿ. ಅಲ್ಲೂ ಘಟ್ಟ, ಸುರಂಗ, ಮಳೆ. 2004ರ ಜೂನ್ 16ರಂದು ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಹಾರಾಷ್ಟ್ರದಲ್ಲಿ ಹಳಿ ಮೇಲಿನ ಬಂಡೆಗೆ ಬಡಿದು ಅಪಘಾತಕ್ಕೀಡಾಗಿ ಹಲವರು ಸತ್ತರು.

ಕೊಂಕಣ ಮಾರ್ಗದಲ್ಲಿ ಚಾಲಕರು ಮತ್ತು ಗಾರ್ಡ್‌ಗೆ ವಾಕಿಟಾಕಿ, ಸ್ಟೇಷನ್‌ಗಳಿಗೆ 25 ವಾಟ್ ಸೆಟ್ ಕೊಟ್ಟಿದ್ದಾರೆ. ಇಷ್ಟಕ್ಕೇ ನಿಲ್ಲಿಸಿಲ್ಲ. ಹಳಿ ಪಕ್ಕ ಸರಾಸರಿ ಒಂದು ಕಿಲೋಮೀಟರ್‌ಗೊಂದು ತುರ್ತು ಸಂಪರ್ಕ ಸಾಕೆಟ್ ಇದೆ. ರೇಡಿಯೊ ಹಿಡಿಯದಿದ್ದರೆ ಗಸ್ತಿನವರು ಫೋನ್ ಸಿಕ್ಕಿಸಿ ಸ್ಟೇಷನ್ ಮಾಸ್ಟರ್ ಜೊತೆ ಮಾತಾಡಬಹುದು. ಹೊನ್ನಾವರದ ಹತ್ತಿರ ಶರಾವತಿ ಸೇತುವೆಯಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ ಇಟ್ಟಿದ್ದಾರೆ. ಜೋರು ಮಳೆಯಲ್ಲಿ ಮುಂದೆ ಕಾಣದಿದ್ದರೆ ವೇಗ ಗಂಟೆಗೆ 40 ಕಿ.ಮೀ.ಗೆ ಇಳಿಸಬೇಕು.

ಕವಚ್ ಅಂದರೆ ಏನು?

2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇಂಥ ಕಡೆ ಮನುಷ್ಯರ ಮಾತಿಗೆ ಕಾಯದೆ ಬ್ರೇಕ್ ಹಾಕುವ ವ್ಯವಸ್ಥೆಯೇ ಕವಚ್.

ಕೆಲಸ ಮಾಡುವ ಬಗೆ ಹೀಗಿದೆ. ಹಳಿಗಳ ನಡುವೆ ಆರ್‌ಎಫ್‌ಐಡಿ ಟ್ಯಾಗ್ ಕೂರಿಸಿರ್ತಾರೆ. ಟೋಲ್‌ಗೇಟ್‌ನ ಫಾಸ್ಟ್ಯಾಗ್ ಇದೇ ಜಾತಿಯದು. ಇಂಜಿನ್ ಅದರ ಮೇಲೆ ಹಾದಾಗ ತಾನು ಎಲ್ಲಿದ್ದೇನೆ ಅಂತ ಅದಕ್ಕೆ ತಿಳಿಯುತ್ತೆ. ಅದನ್ನ ರೇಡಿಯೊ ಮೂಲಕ ಸ್ಟೇಷನ್‌ನ ಟವರ್‌ಗೆ ಕಳಿಸುತ್ತೆ. ಸ್ಟೇಷನ್ ಕಡೆಯಿಂದ ಮುಂದಿನ ಸಿಗ್ನಲ್ ಯಾವ ಬಣ್ಣದಲ್ಲಿದೆ, ಎಷ್ಟು ದೂರ ಹೋಗಬಹುದು ಅನ್ನೋದು ಇಂಜಿನ್‌ನ ಪರದೆ ಮೇಲೆ ಬರುತ್ತೆ. ಚಾಲಕರು ಬ್ರೇಕ್ ಹಾಕದಿದ್ದರೆ ಯಂತ್ರವೇ ಹಾಕುತ್ತೆ. ಗೇಟ್ ಹತ್ತಿರ ಬಂದರೆ ತಾನೇ ಸೀಟಿ ಊದುತ್ತೆ. ತುರ್ತು ಬಟನ್ ಒತ್ತಿದರೆ ಹತ್ತಿರದ ರೈಲುಗಳೂ ನಿಲ್ಲುತ್ತವೆ.

ಇದರ ಪರೀಕ್ಷೆಗೆ ನಮ್ಮ ರಾಜ್ಯದ ನಂಟೂ ಇದೆ. ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲೇ ಮೊದಲು ಪ್ರಯೋಗ ನಡೆದದ್ದು. 2016ರ ಫೆಬ್ರವರಿಯಲ್ಲಿ ಪ್ರಯಾಣಿಕರ ರೈಲಿನ ಮೇಲೆ ಪರೀಕ್ಷೆ ಶುರುವಾಯಿತು. 2020ರಲ್ಲಿ ಇದನ್ನ ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಕೊಂಡರು. 2022ರ ಮಾರ್ಚ್ 4ರಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಇಂಜಿನ್‌ನಲ್ಲಿ ಕೂತೇ ಪರೀಕ್ಷೆ ಮಾಡಿದರು. ಎದುರಿಗಿದ್ದ ಇಂಜಿನ್‌ಗೆ 380 ಮೀಟರ್ ಇರುವಾಗಲೇ ರೈಲು ತಾನಾಗಿ ನಿಂತಿತು.

ಕವಚ್ ಬಂದರೆ ಸಾಕಾ?

ಸಾಲದು. ಕವಚ್‌ಗೆ ಸಿಗ್ನಲ್ ಗೊತ್ತು, ವೇಗ ಗೊತ್ತು, ಇನ್ನೊಂದು ರೈಲು ಎಲ್ಲಿದೆ ಅನ್ನೋದು ಗೊತ್ತು. ಗುಡ್ಡದಿಂದ ಈಗಷ್ಟೇ ಉರುಳಿದ ಬಂಡೆ ಅದಕ್ಕೆ ಕಾಣಲ್ಲ. ಅದನ್ನ ಕಾಣೋದು ಗಸ್ತಿನವರ ಕಣ್ಣಿಗೆ. ಅಂದರೆ ಬಯಲು ಸೀಮೆಯಲ್ಲಿ ಕವಚ್ ಎಷ್ಟು ಮುಖ್ಯವೋ, ಮಲೆನಾಡಿನಲ್ಲಿ ಗಸ್ತಿನವರ ಕೈಯ ಸೆಟ್, ಅದರ ಬ್ಯಾಟರಿ ಚಾರ್ಜ್, ಸುರಂಗದೊಳಗಿನ ಸಂಪರ್ಕ ಅಷ್ಟೇ ಮುಖ್ಯ. ಎರಡೂ ಬೇಕು.

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ರೈಲ್ವೆಗೆ 700 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ 5 ಮೆಗಾಹರ್ಟ್ಸ್ ತರಂಗಾಂತರ ಕೊಡಲು ಒಪ್ಪಿತು. ರೈಲ್ವೆ ತನ್ನದೇ ಎಲ್‌ಟಿಇ ಜಾಲ ಕಟ್ಟಿಕೊಂಡರೆ ಚಾಲಕರ ಮಾತು ಪಕ್ಕದ ಸ್ಟೇಷನ್‌ಗಷ್ಟೇ ಅಲ್ಲ, ದೂರದ ಕಂಟ್ರೋಲ್ ಆಫೀಸಿಗೂ ನೇರ ತಲುಪುತ್ತೆ.

ಪ್ರಯಾಣಿಕರು ಏನು ಮಾಡಬೇಕು?

- ರೈಲಿನಲ್ಲಿ ತೊಂದರೆ ಆದರೆ 139ಕ್ಕೆ ಕರೆ ಮಾಡಿ. ಟವರ್ ಇಲ್ಲದ ಕಡೆ ಟಿಟಿಇ ಅಥವಾ ಟ್ರೈನ್ ಮ್ಯಾನೇಜರ್‌ಗೆ ಹೇಳಿ.
- ನಿಜವಾದ ಅಪಾಯಕ್ಕೆ ಮಾತ್ರ ಚೈನ್ ಎಳೆಯಿರಿ. ಕಾರಣ ಇಲ್ಲದೆ ಎಳೆದರೆ ಕಾನೂನು ಪ್ರಕಾರ ಶಿಕ್ಷೆ ಇದೆ.
- ಘಾಟಿಯಲ್ಲಿ ರೈಲು ನಿಂತರೆ ಇಳಿದು ಹಳಿ ಮೇಲೆ ಓಡಾಡಬೇಡಿ.
- ಹಳಿ ಮೇಲೆ ಮರ, ಮಣ್ಣು ಬಿದ್ದಿದ್ದು ಕಂಡರೆ ಹತ್ತಿರದ ಗೇಟ್‌ಮ್ಯಾನ್ ಅಥವಾ ಸ್ಟೇಷನ್‌ಗೆ ಕೂಡಲೇ ತಿಳಿಸಿ.

ಹುಣಸೂರು, ಪಿರಿಯಾಪಟ್ಟಣ ದಾರಿಯಾಗಿ ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ರೈಲು ಮಾರ್ಗದ ಮಾತು ಬಹಳ ಕಾಲದಿಂದ ಇದೆ. ಸಭೆಗಳಲ್ಲಿ ಕೇಳೋದೆಲ್ಲ ಸ್ಟೇಷನ್ ಎಲ್ಲಿ, ಜಮೀನು ಯಾರದ್ದು ಹೋಗುತ್ತೆ, ಸಾಮಾನು ಸಾಗಣೆ ಅಗ್ಗ ಆಗುತ್ತಾ ಅಂತ. ಕೇಳಲೇಬೇಕಾದ ಪ್ರಶ್ನೆಗಳೇ. ಮುಂದಿನ ಸಲ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: ಮಳೆಗಾಲದ ರಾತ್ರಿ ಕರೆಂಟೂ ಇಲ್ಲ, ಟವರೂ ಇಲ್ಲ ಅಂದಾಗ ಈ ಹಳಿ ಮೇಲಿನ ರೈಲಿಗೆ ಸುದ್ದಿ ಮುಟ್ಟಿಸೋಕೆ ಏನು ವ್ಯವಸ್ಥೆ ಇಟ್ಟಿದ್ದೀರಿ?